ಬೆಂಗಳೂರಿನ ನಗರ ವಿಸ್ತರಣೆ ಮತ್ತು ವಸತಿ ಅಸಮಾನತೆ

ಬೆಂಗಳೂರಿನ ನಗರ ವಿಸ್ತರಣೆ ಎಂಬುದು ಕರ್ನಾಟಕದ ರಾಜಧಾನಿಯಾದ ಬೆಂಗಳೂರು ತನ್ನ ಹಳೆಯ ಎಲ್ಲೆಗಳನ್ನು ದಾಟಿ ಸುತ್ತಲಿನ ಕೃಷಿಭೂಮಿ, ಕೆರೆ ಮತ್ತು ಹಳ್ಳಿಗಳ ಮೇಲೆ ಹರಡಿಕೊಂಡ ಪ್ರಕ್ರಿಯೆಯಾಗಿದೆ. 1951ರಲ್ಲಿ ಸುಮಾರು 8 ಲಕ್ಷವಿದ್ದ ನಗರದ ಜನಸಂಖ್ಯೆಯು 2011ರ ಜನಗಣತಿಯ ವೇಳೆಗೆ ಸುಮಾರು 85 ಲಕ್ಷಕ್ಕೆ ಏರಿತು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ನಗರಾಡಳಿತದ ವ್ಯಾಪ್ತಿಯು ಸುಮಾರು 226 ಚದರ ಕಿಲೋಮೀಟರ್‌ನಿಂದ 700 ಚದರ ಕಿಲೋಮೀಟರ್‌ಗೂ ಹೆಚ್ಚಾಯಿತು. ಈ ವಿಸ್ತರಣೆಯಿಂದ ದೊರೆತ ನೆಲ, ನೀರು ಮತ್ತು ಮನೆಗಳು ನಿವಾಸಿಗಳಲ್ಲಿ ಸಮನಾಗಿ ಹಂಚಿಕೆಯಾಗಿಲ್ಲ. ಹೊರವಲಯದಲ್ಲಿ ವಿಶಾಲವಾದ ವಿಲ್ಲಾಗಳು ನಿರ್ಮಾಣವಾದ ಕಾಲದಲ್ಲಿಯೇ ಅವುಗಳನ್ನು ಕಟ್ಟಿದ ಕಾರ್ಮಿಕರು ತಗಡಿನ ಶೆಡ್ಡುಗಳಲ್ಲಿಯೂ ಟಾರ್ಪಾಲಿನ ಗುಡಾರಗಳಲ್ಲಿಯೂ ವಾಸಿಸುವ ಸ್ಥಿತಿ ಮುಂದುವರಿದಿದೆ. ನಗರದ ಬೆಳವಣಿಗೆಯ ಪರಿಣಾಮವು ಕುಡಿಯುವ ನೀರು, ಹೆದ್ದಾರಿ ಮತ್ತು ವಲಸೆಯ ಮೂಲಕ ಮಂಡ್ಯ ಜಿಲ್ಲೆಯವರೆಗೂ ವ್ಯಾಪಿಸಿದೆ.

ಪರಿಕಲ್ಪನೆ

ನಗರವು ಮೇಲಕ್ಕೆ ಅಥವಾ ಒತ್ತಾಗಿ ಬೆಳೆಯುವ ಬದಲು ಕಡಿಮೆ ಸಾಂದ್ರತೆಯಲ್ಲಿ, ಸಾರ್ವಜನಿಕ ಸೌಕರ್ಯಗಳಿಗಿಂತ ಮುಂಚಿತವಾಗಿ, ಅಡ್ಡಾದಿಡ್ಡಿಯಾಗಿ ಹೊರಕ್ಕೆ ಹರಡುವುದನ್ನು ನಗರ ಯೋಜನಾಶಾಸ್ತ್ರದಲ್ಲಿ ಅನಿಯಂತ್ರಿತ ನಗರ ವಿಸ್ತರಣೆ ಎಂದು ಗುರುತಿಸಲಾಗುತ್ತದೆ. ಎರಡನೆಯ ಮಹಾಯುದ್ಧದ ನಂತರದ ಅಮೆರಿಕವು ಇದಕ್ಕೆ ಪ್ರಸಿದ್ಧ ಉದಾಹರಣೆಯಾಗಿದೆ. 1947ರಲ್ಲಿ ನ್ಯೂಯಾರ್ಕ್ ಸಮೀಪದ ಲೆವಿಟೌನ್‌ನಲ್ಲಿ ನಿರ್ಮಾಣವಾದ ಮನೆಗಳು ಸುಮಾರು 750 ಚದರ ಅಡಿಯಷ್ಟಿದ್ದವು. ಅಮೆರಿಕದಲ್ಲಿ ಹೊಸ ಮನೆಯೊಂದರ ಸರಾಸರಿ ವಿಸ್ತೀರ್ಣವು 1973ರಲ್ಲಿ ಸುಮಾರು 1,660 ಚದರ ಅಡಿ ಇದ್ದು, 2015ರ ವೇಳೆಗೆ 2,600 ಚದರ ಅಡಿಯನ್ನು ಮೀರಿತು. ಇದೇ ಅವಧಿಯಲ್ಲಿ ಅಲ್ಲಿ ಕುಟುಂಬಗಳ ಗಾತ್ರ ಕುಗ್ಗಿತು.

ಬೆಂಗಳೂರಿನ ವಿಸ್ತರಣೆಯು ಇದಕ್ಕಿಂತ ಭಿನ್ನವಾಗಿದೆ. ಇಲ್ಲಿ ಹೊರವಲಯವು ಶ್ರೀಮಂತರ ಉಪನಗರ ಮಾತ್ರವಲ್ಲ. ವಿಲ್ಲಾ ಸಮುಚ್ಚಯ, ಬಹುಮಹಡಿ ಅಪಾರ್ಟ್‌ಮೆಂಟ್, ಅನುಮೋದನೆಯಿಲ್ಲದ ಕಂದಾಯ ಬಡಾವಣೆ, ಹಳೆಯ ಗ್ರಾಮಠಾಣ ಮತ್ತು ಕಾರ್ಮಿಕರ ಗುಡಾರಗಳು ಒಂದರ ಪಕ್ಕದಲ್ಲಿ ಇನ್ನೊಂದು ಇರುತ್ತವೆ. ಆದ್ದರಿಂದ ಇಲ್ಲಿನ ಅಸಮಾನತೆಯು ಕೇಂದ್ರ ಮತ್ತು ಅಂಚುಗಳ ನಡುವಿನ ಅಂತರಕ್ಕಿಂತ ಹೆಚ್ಚಾಗಿ ಜಮೀನಿನ ದಾಖಲೆ, ಮನೆಯ ಗಾತ್ರ ಮತ್ತು ನೀರಿನ ಸಂಪರ್ಕಗಳಲ್ಲಿ ವ್ಯಕ್ತವಾಗುತ್ತದೆ.

ಇತಿಹಾಸ

ಪೇಟೆಯಿಂದ ಬಡಾವಣೆಗೆ

1537ರಲ್ಲಿ ಕೆಂಪೇಗೌಡರು ಸ್ಥಾಪಿಸಿದರೆಂದು ಹೇಳಲಾಗುವ ಬೆಂಗಳೂರು ಪೇಟೆಯಲ್ಲಿ ವಾಸದ ಮನೆ, ಅಂಗಡಿ ಮತ್ತು ಕಸುಬಿನ ಸ್ಥಳಗಳು ಒಂದೇ ಕಡೆ ಇರುತ್ತಿದ್ದವು. 19ನೇ ಶತಮಾನದಲ್ಲಿ ಬ್ರಿಟಿಷರ ದಂಡು ಪ್ರದೇಶವು ಪೇಟೆಯ ಪೂರ್ವಕ್ಕೆ ಬೆಳೆಯಿತು. ಅಲ್ಲಿನ ಅಧಿಕಾರಿಗಳ ಬಂಗಲೆಗಳು ದೊಡ್ಡ ಕಾಂಪೌಂಡುಗಳ ನಡುವೆ ಇದ್ದು, ಸೇವಕವರ್ಗದ ಕೇರಿಗಳು ಪ್ರತ್ಯೇಕವಾಗಿದ್ದವು. 1898ರಲ್ಲಿ ಪ್ಲೇಗ್ ಹರಡಿದ ಬಳಿಕ ಪೇಟೆಯ ದಟ್ಟಣೆಯನ್ನು ಕಡಿಮೆ ಮಾಡುವ ಉದ್ದೇಶದಿಂದ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳ ಬೆಳವಣಿಗೆ ಚುರುಕಾಯಿತು. ನೇರವಾದ ರಸ್ತೆ, ಚರಂಡಿ ಮತ್ತು ಅಳತೆಗೊಳಿಸಿದ ನಿವೇಶನಗಳನ್ನು ಹೊಂದಿದ್ದ ಈ ಬಡಾವಣೆಗಳಲ್ಲಿ ಜಾತಿ ಮತ್ತು ಸಮುದಾಯಗಳನ್ನು ಅನುಸರಿಸಿ ಜಾಗಗಳನ್ನು ವಿಂಗಡಿಸಲಾಗಿತ್ತು. ಇತಿಹಾಸಕಾರ್ತಿ ಜಾನಕಿ ನಾಯರ್ ಅವರು 2005ರಲ್ಲಿ ಪ್ರಕಟವಾದ ‘ದಿ ಪ್ರಾಮಿಸ್ ಆಫ್ ದಿ ಮೆಟ್ರೊಪಾಲಿಸ್’ ಕೃತಿಯಲ್ಲಿ ನಗರದ ಈ ಬೆಳವಣಿಗೆಯನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ.

ಸಾರ್ವಜನಿಕ ಉದ್ದಿಮೆಗಳ ಕಾಲ

1945ರಲ್ಲಿ ಬೆಂಗಳೂರು ನಗರ ಸುಧಾರಣಾ ಮಂಡಳಿ ಸ್ಥಾಪನೆಯಾಯಿತು. 1949ರಲ್ಲಿ ನಗರ ಮತ್ತು ದಂಡು ಪ್ರದೇಶಗಳನ್ನು ಸೇರಿಸಿ ಒಂದೇ ಕಾರ್ಪೊರೇಷನ್ ರಚಿಸಲಾಯಿತು. ಹಿಂದೂಸ್ತಾನ್ ಏರ್‌ಕ್ರಾಫ್ಟ್ (1940), ಐಟಿಐ (1948), ಎಚ್‌ಎಂಟಿ (1953) ಮತ್ತು ಬಿಇಎಲ್ (1954) ಕಾರ್ಖಾನೆಗಳು ಅಂದಿನ ಊರಾಚೆಯ ಜಾಗಗಳಲ್ಲಿ ನೆಲೆಗೊಂಡವು. ಈ ಉದ್ದಿಮೆಗಳು ನೌಕರರಿಗಾಗಿ ವಸತಿಗೃಹ, ಶಾಲೆ ಮತ್ತು ಆಸ್ಪತ್ರೆಗಳನ್ನು ಒಳಗೊಂಡ ಕಾಲೋನಿಗಳನ್ನು ಕಟ್ಟಿದವು. ಕಾರ್ಮಿಕನ ಮನೆಯನ್ನು ಉದ್ಯೋಗದಾತನೇ ಒದಗಿಸುವ ಈ ಕ್ರಮವು ಕಾಯಂ ನೌಕರರಿಗೆ ಸೀಮಿತವಾಗಿತ್ತು. ಆದರೂ ನಗರದ ಬೆಳವಣಿಗೆಯೂ ವಸತಿಯೂ ಜೊತೆಜೊತೆಯಾಗಿ ಸಾಗಿದ ಅವಧಿ ಇದಾಗಿತ್ತು.

1990ರ ನಂತರ

1978ರಲ್ಲಿ ಕಿಯೋನಿಕ್ಸ್ ಆರಂಭಿಸಿದ ಎಲೆಕ್ಟ್ರಾನಿಕ್ಸ್ ಸಿಟಿ ಹಾಗೂ 1990ರ ದಶಕದಲ್ಲಿ ವೈಟ್‌ಫೀಲ್ಡ್ ಬಳಿ ತಲೆಯೆತ್ತಿದ ತಂತ್ರಾಂಶ ಪಾರ್ಕ್, ನಗರದ ಬೆಳವಣಿಗೆಯನ್ನು ದಕ್ಷಿಣ ಮತ್ತು ಪೂರ್ವ ದಿಕ್ಕುಗಳಿಗೆ ಸೆಳೆದವು. ಹೊರವರ್ತುಲ ರಸ್ತೆಯ ಉದ್ದಕ್ಕೂ ಕಚೇರಿ ಸಂಕೀರ್ಣಗಳು ಬಂದವು. 2008ರಲ್ಲಿ ದೇವನಹಳ್ಳಿ ಬಳಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿದ ಬಳಿಕ ಉತ್ತರ ಭಾಗದ ಭೂಮಿಗೂ ಬೇಡಿಕೆ ಹೆಚ್ಚಿತು. ಹೊಸ ಉದ್ಯೋಗದಾತ ಸಂಸ್ಥೆಗಳು ಹಿಂದಿನ ಕಾರ್ಖಾನೆಗಳಂತೆ ವಸತಿ ಕಾಲೋನಿಗಳನ್ನು ಕಟ್ಟಲಿಲ್ಲ. ಮನೆಯು ಮಾರುಕಟ್ಟೆಯಲ್ಲಿ ಕೊಳ್ಳುವ ವಸ್ತುವಾಯಿತು.

2007ರಲ್ಲಿ ಯಲಹಂಕ, ದಾಸರಹಳ್ಳಿ, ರಾಜರಾಜೇಶ್ವರಿನಗರ, ಬೊಮ್ಮನಹಳ್ಳಿ, ಬ್ಯಾಟರಾಯನಪುರ, ಕೃಷ್ಣರಾಜಪುರ ಮತ್ತು ಮಹದೇವಪುರ ಎಂಬ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಹಾಗೂ 110 ಹಳ್ಳಿಗಳನ್ನು ಹಳೆಯ ಪಾಲಿಕೆಗೆ ಸೇರಿಸಲಾಯಿತು. ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮ, 2024ರ ಅನ್ವಯ 2025ರಲ್ಲಿ ಈ ಪಾಲಿಕೆಯನ್ನು ಐದು ನಗರ ಪಾಲಿಕೆಗಳಾಗಿ ವಿಭಜಿಸಲಾಯಿತು.

ನಿವೇಶನ ಹಂಚಿಕೆ ಪದ್ಧತಿ

ಬೆಂಗಳೂರಿನ ವಸತಿ ನೀತಿಯ ಮುಖ್ಯ ಘಟಕವು ಮನೆಯಲ್ಲ, ನಿವೇಶನವಾಗಿದೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಅಧಿನಿಯಮ, 1976ರ ಮೂಲಕ ಸ್ಥಾಪನೆಯಾದ ಪ್ರಾಧಿಕಾರವು ರೈತರ ಜಮೀನನ್ನು ಸ್ವಾಧೀನಪಡಿಸಿಕೊಂಡು, ರಸ್ತೆ ಮತ್ತು ಚರಂಡಿಗಳನ್ನು ನಿರ್ಮಿಸಿ, ನಿವೇಶನಗಳನ್ನು ಅರ್ಜಿದಾರರಿಗೆ ಹಂಚುತ್ತದೆ. ಅರ್ಕಾವತಿ ಬಡಾವಣೆ, ನಾಡಪ್ರಭು ಕೆಂಪೇಗೌಡ ಬಡಾವಣೆ ಮತ್ತು ಡಾ. ಕೆ. ಶಿವರಾಮ ಕಾರಂತ ಬಡಾವಣೆಗಳು ಇದರ ಇತ್ತೀಚಿನ ದೊಡ್ಡ ಯೋಜನೆಗಳಾಗಿವೆ. 1962ರ ಅಧಿನಿಯಮದಡಿ ರಚನೆಯಾದ ಕರ್ನಾಟಕ ಗೃಹ ಮಂಡಳಿಯು ಯಲಹಂಕ ಉಪನಗರ ಹಾಗೂ ಕೆಂಗೇರಿ ಉಪನಗರಗಳಲ್ಲಿ ಮನೆಗಳನ್ನೂ ಕಟ್ಟಿ ಹಂಚಿದೆ.

ನಿವೇಶನಗಳ ಸಾಮಾನ್ಯ ಅಳತೆಗಳು ಅಡಿಗಳಲ್ಲಿ 20×30, 30×40, 40×60 ಮತ್ತು 50×80 ಆಗಿವೆ. ಅಂದರೆ ಅತಿ ಚಿಕ್ಕ ನಿವೇಶನವು 600 ಚದರ ಅಡಿಯಷ್ಟಿದ್ದರೆ ದೊಡ್ಡದು 4,000 ಚದರ ಅಡಿಯಷ್ಟಿರುತ್ತದೆ. ಚಿಕ್ಕ ನಿವೇಶನಗಳನ್ನು ಆರ್ಥಿಕವಾಗಿ ದುರ್ಬಲರಾದವರಿಗೆ ಕಡಿಮೆ ದರದಲ್ಲಿ ನೀಡಲಾಗುತ್ತದೆ ಮತ್ತು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಹಿಂದುಳಿದ ವರ್ಗಗಳಿಗೆ ಮೀಸಲಾತಿ ಇದೆ. ಆದಾಗ್ಯೂ ಈ ಪದ್ಧತಿಗೆ ಕೆಲವು ಅಂತರ್ಗತ ಮಿತಿಗಳಿವೆ. ನಿವೇಶನ ಪಡೆಯಲು ನೋಂದಣಿ ಶುಲ್ಕ ಮತ್ತು ಠೇವಣಿ ಕಟ್ಟಬೇಕು. ಹಂಚಿಕೆಗಾಗಿ ವರ್ಷಗಟ್ಟಲೆ ಕಾಯಬೇಕು. ದೊರೆತ ಬಳಿಕ ಮನೆ ಕಟ್ಟಲು ಪ್ರತ್ಯೇಕವಾಗಿ ಹಣ ಹೊಂದಿಸಬೇಕು. ದಿನಗೂಲಿ ಕಾರ್ಮಿಕರಿಗೆ ಈ ಮೂರೂ ಕಷ್ಟಸಾಧ್ಯವಾಗಿದ್ದು, ಸ್ಥಿರ ಸಂಬಳ ಮತ್ತು ಬ್ಯಾಂಕ್ ಸಾಲದ ಅರ್ಹತೆ ಇರುವವರಿಗೆ ಈ ಪದ್ಧತಿ ಹೆಚ್ಚು ಅನುಕೂಲಕರವಾಗಿದೆ. ಹಂಚಿಕೆಯ ದರಕ್ಕೂ ಮಾರುಕಟ್ಟೆಯ ದರಕ್ಕೂ ಇರುವ ಅಂತರದ ಕಾರಣ ನಿವೇಶನವು ವಾಸಸ್ಥಳಕ್ಕಿಂತ ಮಿಗಿಲಾಗಿ ಹೂಡಿಕೆಯಾಗಿಯೂ ಪರಿಗಣಿತವಾಗಿದೆ.

ಭೂಮಿ ಕಳೆದುಕೊಂಡವರ ವಿಷಯದಲ್ಲಿಯೂ ಅಸಮಾನತೆ ಕಂಡುಬರುತ್ತದೆ. ಇತ್ತೀಚಿನ ಬಡಾವಣೆಗಳಲ್ಲಿ ಪರಿಹಾರಧನದ ಬದಲು ಅಭಿವೃದ್ಧಿಪಡಿಸಿದ ಭೂಮಿಯಲ್ಲಿ ಶೇ. 40ರಷ್ಟು ಪಾಲನ್ನು ರೈತರಿಗೆ ನೀಡುವ ಕ್ರಮವನ್ನು ಅನುಸರಿಸಲಾಗಿದೆ. ಪಹಣಿಯಲ್ಲಿ ಹೆಸರಿಲ್ಲದ ಕೃಷಿ ಕೂಲಿಕಾರರು, ವಾರಕ್ಕೆ ಉಳುವವರು ಮತ್ತು ಗೋಮಾಳವನ್ನು ಅವಲಂಬಿಸಿದ ಪಶುಪಾಲಕರು ಇಂತಹ ಪಾಲಿಗೆ ಅರ್ಹರಾಗುವುದಿಲ್ಲ. ಭೂಸ್ವಾಧೀನದ ವಿರುದ್ಧ ರೈತರು ಹಲವು ಬಾರಿ ಹೋರಾಟ ನಡೆಸಿದ್ದಾರೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಕೈಗಾರಿಕೆಗಾಗಿ ಗುರುತಿಸಲಾಗಿದ್ದ 1,777 ಎಕರೆ ಭೂಮಿಯ ಸ್ವಾಧೀನವನ್ನು, ಮೂರು ವರ್ಷಗಳಿಗೂ ಹೆಚ್ಚು ಕಾಲ ನಡೆದ ಧರಣಿಯ ನಂತರ, 2025ರ ಜುಲೈನಲ್ಲಿ ರಾಜ್ಯ ಸರ್ಕಾರ ಕೈಬಿಟ್ಟಿತು.

ಕಂದಾಯ ಬಡಾವಣೆಗಳು

ಪ್ರಾಧಿಕಾರದ ನಿವೇಶನಗಳು ಬೇಡಿಕೆಯನ್ನು ಪೂರೈಸದ ಕಾರಣ ಹೊರವಲಯದಲ್ಲಿ ‘ರೆವೆನ್ಯೂ ಸೈಟು’ಗಳ ಸಮಾನಾಂತರ ಮಾರುಕಟ್ಟೆ ಬೆಳೆಯಿತು. ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 95ನೇ ಪ್ರಕರಣದ ಪ್ರಕಾರ ಕೃಷಿಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಲು ಭೂಪರಿವರ್ತನೆಗೆ ಅನುಮತಿ ಪಡೆಯಬೇಕು. ಈ ಅನುಮತಿ ಅಥವಾ ಬಡಾವಣೆ ನಕ್ಷೆಯ ಮಂಜೂರಾತಿ ಇಲ್ಲದೆ ಜಮೀನನ್ನು ತುಂಡುಗಳಾಗಿಸಿ ಮಾರಿದ ಜಾಗಗಳಿಗೆ ಈ ಹೆಸರಿದೆ. ಇವುಗಳ ಬೆಲೆ ಕಡಿಮೆಯಾಗಿದ್ದುದರಿಂದ ಕೆಳ ಮಧ್ಯಮವರ್ಗದ ಕುಟುಂಬಗಳು ತಮ್ಮ ಉಳಿತಾಯವನ್ನು ಇಲ್ಲಿ ತೊಡಗಿಸಿದವು. ಇಂತಹ ಸ್ವತ್ತುಗಳನ್ನು ಪಾಲಿಕೆಯು ‘ಬಿ’ ವಹಿಯಲ್ಲಿ ನಮೂದಿಸಿ ತೆರಿಗೆ ಸಂಗ್ರಹಿಸುತ್ತಿದ್ದರೂ ಕಟ್ಟಡ ಪರವಾನಗಿ ಮತ್ತು ಬ್ಯಾಂಕ್ ಸಾಲ ಪಡೆಯುವಲ್ಲಿ ‘ಬಿ ಖಾತಾ’ದಾರರು ತೊಡಕುಗಳನ್ನು ಎದುರಿಸಿದ್ದಾರೆ.

ನಿಯಮ ಉಲ್ಲಂಘಿಸಿದ ಕಟ್ಟಡ ಮತ್ತು ಬಡಾವಣೆಗಳನ್ನು ದಂಡ ವಿಧಿಸಿ ಸಕ್ರಮಗೊಳಿಸುವ ‘ಅಕ್ರಮ–ಸಕ್ರಮ’ ಯೋಜನೆಗೆ 2007ರಲ್ಲಿ ಕಾನೂನು ತಿದ್ದುಪಡಿ ಮಾಡಲಾಯಿತು. ಕರ್ನಾಟಕ ಹೈಕೋರ್ಟ್ 2016ರ ಡಿಸೆಂಬರ್‌ನಲ್ಲಿ ಇದನ್ನು ಎತ್ತಿಹಿಡಿಯಿತು; 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಯೋಜನೆಗೆ ತಡೆ ನೀಡಿತು. ಸಕ್ರಮವು ಬಡವರ ಸೂರನ್ನು ಉಳಿಸುತ್ತದೆ ಎಂಬುದು ಯೋಜನೆಯ ಪರವಾದ ವಾದವಾದರೆ, ಅದು ದೊಡ್ಡ ಉಲ್ಲಂಘನೆಗಳಿಗೂ ರಕ್ಷಣೆ ಒದಗಿಸಿ ನಗರ ಯೋಜನೆಯನ್ನು ಅರ್ಥಹೀನಗೊಳಿಸುತ್ತದೆ ಎಂಬುದು ವಿರೋಧಿಗಳ ವಾದವಾಗಿದೆ.

ಮನೆಗಳ ಗಾತ್ರ

ಭಾರತದಲ್ಲಿ ನಗರದ ಮನೆಗಳ ಗಾತ್ರಕ್ಕೆ ಒಮ್ಮೆ ಕಾನೂನಿನ ಮಿತಿ ಇತ್ತು. ನಗರ ಭೂಮಿ (ಗರಿಷ್ಠ ಮಿತಿ ಮತ್ತು ನಿಯಂತ್ರಣ) ಅಧಿನಿಯಮ, 1976ರಡಿ ಬೆಂಗಳೂರಿನಲ್ಲಿ ಒಬ್ಬ ವ್ಯಕ್ತಿಯು ಹೊಂದಬಹುದಾದ ಖಾಲಿ ಜಾಗದ ಮಿತಿ 1,000 ಚದರ ಮೀಟರ್ ಆಗಿತ್ತು. ಹೊಸದಾಗಿ ಕಟ್ಟುವ ವಾಸದ ಘಟಕದ ತಳಪಾಯದ ವಿಸ್ತೀರ್ಣವು 300 ಚದರ ಮೀಟರ್‌ಗಳನ್ನು ಮೀರುವಂತಿರಲಿಲ್ಲ. ವಿನಾಯಿತಿಗಳು ಮತ್ತು ದೀರ್ಘಕಾಲದ ವ್ಯಾಜ್ಯಗಳಿಂದಾಗಿ ಈ ಕಾನೂನು ನಿರೀಕ್ಷಿತ ಫಲ ನೀಡಲಿಲ್ಲ. ಅದು ಭೂಮಿಯ ಪೂರೈಕೆಯನ್ನು ಕುಗ್ಗಿಸಿ ಬೆಲೆಯನ್ನು ಏರಿಸಿತೆಂಬ ಟೀಕೆಯೂ ಇದೆ. 1999ರಲ್ಲಿ ಕೇಂದ್ರವು ಇದನ್ನು ರದ್ದುಪಡಿಸಿತು. ಕರ್ನಾಟಕವೂ ರದ್ದತಿಯನ್ನು ಅಂಗೀಕರಿಸಿತು.

ಆ ಬಳಿಕ ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ, ದೇವನಹಳ್ಳಿ ಮುಂತಾದೆಡೆ ಗೋಡೆ ಮತ್ತು ಕಾವಲುಳ್ಳ ಗೇಟೆಡ್ ಕಮ್ಯೂನಿಟಿಗಳು ಹೆಚ್ಚಾದವು. ಇವುಗಳಲ್ಲಿನ ವಿಲ್ಲಾಗಳು ಸ್ವಂತ ಉದ್ಯಾನ, ಈಜುಕೊಳ ಮತ್ತು ಕ್ಲಬ್‌ಹೌಸ್ ಸೌಲಭ್ಯಗಳನ್ನು ಹೊಂದಿರುತ್ತವೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯು (ನಗರ) ಆರ್ಥಿಕವಾಗಿ ದುರ್ಬಲ ಕುಟುಂಬದ ಮನೆಗೆ 30 ಚದರ ಮೀಟರ್, ಅಂದರೆ ಸುಮಾರು 323 ಚದರ ಅಡಿಗಳ ಒಳ ವಿಸ್ತೀರ್ಣವನ್ನು ನಿಗದಿಪಡಿಸಿದೆ. 1976ರ ಕಾನೂನು ಅತಿ ದೊಡ್ಡದೆಂದು ನಿಷೇಧಿಸಿದ್ದ ಮನೆಯ ಗಾತ್ರವು ಇದರ ಹತ್ತು ಪಟ್ಟಾಗುತ್ತದೆ. 2011ರ ಜನಗಣತಿಯ ಪ್ರಕಾರ ಭಾರತದ ನಗರ ಕುಟುಂಬಗಳಲ್ಲಿ ಸುಮಾರು ಮೂರರಲ್ಲಿ ಒಂದು ಕುಟುಂಬವು ಒಂದೇ ಕೋಣೆಯ ಮನೆಯಲ್ಲಿ ವಾಸಿಸುತ್ತಿತ್ತು.

ವಸತಿ ಅಸಮಾನತೆ

ಕೊರತೆ ಮತ್ತು ಖಾಲಿ ಮನೆಗಳು

ಕೇಂದ್ರ ಸರ್ಕಾರದ ತಾಂತ್ರಿಕ ತಂಡವು 2012ರಲ್ಲಿ ದೇಶದ ನಗರ ಪ್ರದೇಶಗಳಲ್ಲಿ 1.88 ಕೋಟಿ ಮನೆಗಳ ಕೊರತೆಯನ್ನು ಅಂದಾಜಿಸಿತು. ಇದರಲ್ಲಿ ಶೇ. 95ಕ್ಕೂ ಹೆಚ್ಚು ಪಾಲು ಆರ್ಥಿಕವಾಗಿ ದುರ್ಬಲ ಮತ್ತು ಕಡಿಮೆ ಆದಾಯದ ವರ್ಗಗಳದ್ದಾಗಿತ್ತು. ಇದೇ ಕಾಲದಲ್ಲಿ, 2011ರ ಜನಗಣತಿಯಂತೆ, ನಗರಗಳಲ್ಲಿ ಸುಮಾರು 1.1 ಕೋಟಿ ಮನೆಗಳು ಖಾಲಿ ಇದ್ದವು. ಮನೆಗಳ ಸಂಖ್ಯೆಗಿಂತಲೂ ಅವು ಯಾರ ಕೈಗೆಟುಕುತ್ತವೆ ಎಂಬುದು ಮುಖ್ಯ ಪ್ರಶ್ನೆಯೆಂದು ಈ ಎರಡು ಅಂಕಿಗಳು ಸೂಚಿಸುತ್ತವೆ.

ಕೊಳೆಗೇರಿಗಳು ಮತ್ತು ಗುಡಾರಗಳು

2011ರ ಜನಗಣತಿಯು ಬೆಂಗಳೂರಿನ ಕೊಳೆಗೇರಿಗಳಲ್ಲಿ ಸುಮಾರು 7 ಲಕ್ಷ ಜನರನ್ನು ಲೆಕ್ಕ ಹಾಕಿತು. ಕರ್ನಾಟಕ ಕೊಳೆಗೇರಿ ಪ್ರದೇಶಗಳ ಅಧಿನಿಯಮ, 1973ರಡಿ ಘೋಷಿತವಾದ ಕೊಳೆಗೇರಿಗಳಿಗೆ ಮಾತ್ರ ಮಂಡಳಿಯ ಯೋಜನೆಗಳು ಸುಲಭವಾಗಿ ತಲುಪುತ್ತವೆ. ಕಲಬುರಗಿ, ಯಾದಗಿರಿ, ರಾಯಚೂರು ಮೊದಲಾದ ಜಿಲ್ಲೆಗಳಿಂದ ಕಟ್ಟಡ ಕೆಲಸಕ್ಕೆಂದು ಬಂದ ಕುಟುಂಬಗಳು ಖಾಲಿ ನಿವೇಶನಗಳಲ್ಲಿ ನೀಲಿ ಟಾರ್ಪಾಲಿನ ಗುಡಾರಗಳನ್ನು ಹಾಕಿಕೊಂಡು, ಅದಕ್ಕೂ ನೆಲಬಾಡಿಗೆ ಕೊಟ್ಟು ವಾಸಿಸುತ್ತವೆ. ಕಾಮಗಾರಿ ಮುಗಿದಾಗ ಅಥವಾ ಜಾಗದ ಮಾಲೀಕರು ಬಯಸಿದಾಗ ಇವರು ಸ್ಥಳ ಬಿಡಬೇಕಾಗುತ್ತದೆ. ಇಂತಹ ನೆಲೆಗಳಲ್ಲಿ ವಿಳಾಸದ ದಾಖಲೆ ದೊರೆಯುವುದು ಕಷ್ಟವಾದ್ದರಿಂದ ಪಡಿತರ ಮತ್ತು ಶಾಲಾ ದಾಖಲಾತಿಗಳಿಗೂ ತೊಂದರೆಯಾಗುತ್ತದೆ.

ಈಜಿಪುರ ಪ್ರಕರಣ

ಕೋರಮಂಗಲ ಸಮೀಪದ ಈಜಿಪುರದಲ್ಲಿ ನಗರ ಪಾಲಿಕೆಯು ಬಡವರಿಗಾಗಿ ಸುಮಾರು 1,500 ಮನೆಗಳ ವಸತಿ ಸಮುಚ್ಚಯವನ್ನು ನಿರ್ಮಿಸಿತ್ತು. ಶಿಥಿಲಗೊಂಡ ಕಟ್ಟಡಗಳಲ್ಲಿ ಒಂದು ಭಾಗ 2007ರಲ್ಲಿ ಕುಸಿಯಿತು. ಖಾಸಗಿ ಸಹಭಾಗಿತ್ವದಲ್ಲಿ ಹೊಸ ಮನೆಗಳನ್ನು ಕಟ್ಟಿ, ಜಾಗದ ಒಂದು ಭಾಗವನ್ನು ವಾಣಿಜ್ಯ ಸಂಕೀರ್ಣಕ್ಕೆ ಬಳಸುವ ಯೋಜನೆಯನ್ನು ಬಳಿಕ ಕೈಗೊಳ್ಳಲಾಯಿತು. 2013ರ ಜನವರಿಯಲ್ಲಿ ಪೊಲೀಸ್ ಬಂದೋಬಸ್ತಿನಲ್ಲಿ ನಿವಾಸಿಗಳನ್ನು ತೆರವುಗೊಳಿಸಲಾಯಿತು. ಹಲವು ಕುಟುಂಬಗಳು ಆ ಬಳಿಕವೂ ಅಲ್ಲಿಯೇ ಪಾದಚಾರಿ ಮಾರ್ಗದಲ್ಲಿ ವಾಸಿಸಿದವು. ವಾಸಿಸುವ ಹಕ್ಕನ್ನು ಸಂವಿಧಾನದ 21ನೇ ವಿಧಿಯ ಭಾಗವೆಂದು ಸುಪ್ರೀಂ ಕೋರ್ಟ್ 1996ರ ಚಮೇಲಿ ಸಿಂಗ್ ಪ್ರಕರಣದಲ್ಲಿ ಗುರುತಿಸಿದ್ದು, ತೆರವಿನ ವಿರೋಧಿಗಳು ಈ ತತ್ತ್ವವನ್ನು ಆಧರಿಸಿ ವಾದಿಸುತ್ತಾರೆ.

ಬಾಡಿಗೆ ಮನೆಗಳು

ಹಳೆಯ ಬೆಂಗಳೂರಿನಲ್ಲಿ ಒಂದೇ ಅಂಗಳದ ಸುತ್ತ ಹಲವು ಸಂಸಾರಗಳು ಬಾಡಿಗೆಗಿರುವ ವಠಾರಗಳು ಕಡಿಮೆ ಆದಾಯದವರ ಮುಖ್ಯ ಆಸರೆಯಾಗಿದ್ದವು. ಭೂಮಿಯ ಬೆಲೆ ಏರಿದಂತೆ ಇವುಗಳಲ್ಲಿ ಅನೇಕವು ಬಹುಮಹಡಿ ಕಟ್ಟಡಗಳಿಗೆ ಎಡೆ ಬಿಟ್ಟಿವೆ. ಹೊರವಲಯದ ಹಳ್ಳಿಗಳಲ್ಲಿ ಶೀಟು ಹೊದಿಸಿದ ಸಾಲುಮನೆಗಳು ಅವುಗಳ ಸ್ಥಾನವನ್ನು ತುಂಬಿವೆ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿಯು ನಗರದಲ್ಲಿ ಬಹುಕಾಲ ಪ್ರಚಲಿತವಾಗಿದೆ. ಕೇಂದ್ರದ ಮಾದರಿ ಬಾಡಿಗೆ ಅಧಿನಿಯಮ, 2021 ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯಬಾರದೆಂದು ಸೂಚಿಸುತ್ತದೆ. ಇಡಿಗಂಟು ಹಣ ಕೊಟ್ಟು, ಬಾಡಿಗೆಯಿಲ್ಲದೆ ವಾಸಿಸಿ, ಅವಧಿ ಮುಗಿದ ಬಳಿಕ ಹಣವನ್ನು ಹಿಂಪಡೆಯುವ ‘ಭೋಗ್ಯ’ ಪದ್ಧತಿಯೂ ಚಾಲ್ತಿಯಲ್ಲಿದೆ. ಜಾತಿ, ಧರ್ಮ ಮತ್ತು ಆಹಾರಕ್ರಮದ ಆಧಾರದಲ್ಲಿ ಮನೆ ನಿರಾಕರಿಸುವುದು ಬಾಡಿಗೆ ಮಾರುಕಟ್ಟೆಯ ಮತ್ತೊಂದು ಸಮಸ್ಯೆಯಾಗಿದೆ.

ನೀರು ಮತ್ತು ಮಂಡ್ಯ ಜಿಲ್ಲೆ

ಬೆಂಗಳೂರಿನ ಸಮೀಪದಲ್ಲಿ ದೊಡ್ಡ ನದಿಯಿಲ್ಲ. ಹೆಸರಘಟ್ಟ (1894) ಮತ್ತು ತಿಪ್ಪಗೊಂಡನಹಳ್ಳಿ (1933) ಜಲಾಶಯಗಳು ಸಾಲದಾದಾಗ ನಗರವು ಕಾವೇರಿಯನ್ನು ಅವಲಂಬಿಸಿತು. 1974ರಲ್ಲಿ ಮೊದಲ ಹಂತದ ನೀರು ಪೂರೈಕೆ ಆರಂಭವಾಯಿತು. ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿದ ನೀರನ್ನು ಸುಮಾರು 100 ಕಿಲೋಮೀಟರ್ ದೂರಕ್ಕೆ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಮಾಡಲಾಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೇ ಹಂತವು ದಿನಕ್ಕೆ 77.5 ಕೋಟಿ ಲೀಟರ್ ನೀರಿನ ಸಾಮರ್ಥ್ಯ ಹೊಂದಿದ್ದು, 2007ರಲ್ಲಿ ಸೇರ್ಪಡೆಯಾದ 110 ಹಳ್ಳಿಗಳಿಗೆ ಮುಖ್ಯವಾಗಿ ಉದ್ದೇಶಿಸಲ್ಪಟ್ಟಿದೆ. ಪಾಲಿಕೆಗೆ ಸೇರಿದ ಹದಿನೇಳು ವರ್ಷಗಳ ತನಕ ಈ ಹಳ್ಳಿಗಳ ಬಹುಭಾಗವು ಕೊಳವೆಬಾವಿ ಮತ್ತು ಟ್ಯಾಂಕರ್‌ಗಳನ್ನು ಅವಲಂಬಿಸಿತ್ತು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಹೊರವಲಯವು ತೀವ್ರ ನೀರಿನ ಅಭಾವವನ್ನು ಎದುರಿಸಿತು.

ಶ್ರೀರಂಗಪಟ್ಟಣ ತಾಲ್ಲೂಕಿನ ಕನ್ನಂಬಾಡಿಯಲ್ಲಿರುವ ಕೃಷ್ಣರಾಜಸಾಗರವು ನಗರದ ಕುಡಿಯುವ ನೀರಿಗೂ, ಮಂಡ್ಯ ಜಿಲ್ಲೆಯ ಕಬ್ಬು ಮತ್ತು ಭತ್ತದ ಬೆಳೆಗಳಿಗೂ ಆಧಾರವಾಗಿದೆ. 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ ಹೆಚ್ಚುವರಿಯಾಗಿ ನೀಡಿದ 14.75 ಟಿಎಂಸಿ ಅಡಿ ನೀರಿನಲ್ಲಿ 4.75 ಟಿಎಂಸಿ ಅಡಿಯನ್ನು ಬೆಂಗಳೂರಿನ ಕುಡಿಯುವ ನೀರಿಗೆಂದು ಪರಿಗಣಿಸಿತು. ಮಳೆ ಕೈಕೊಟ್ಟ ವರ್ಷಗಳಲ್ಲಿ ನಾಲೆಗೆ ನೀರು ಬಿಡುವ ವಿಚಾರವು ಜಿಲ್ಲೆಯಲ್ಲಿ ಚಳವಳಿಗೆ ಕಾರಣವಾಗುತ್ತದೆ.

2001 ಮತ್ತು 2011ರ ನಡುವೆ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಸುಮಾರು ಶೇ. 47ರಷ್ಟು ಹೆಚ್ಚಿದರೆ, ಮಂಡ್ಯ ಜಿಲ್ಲೆಯದು ಶೇ. 2.4ರಷ್ಟು ಮಾತ್ರ ಹೆಚ್ಚಿ 18,05,769ಕ್ಕೆ ತಲುಪಿತು. ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಿಂದ ಬೆಂಗಳೂರಿಗೂ ಮುಂಬಯಿಗೂ ವಲಸೆ ಹೋಗುವ ರೂಢಿ ಇದೆ. 2020ರಲ್ಲಿ ಕೋವಿಡ್ ಲಾಕ್‌ಡೌನ್ ಕಾಲದಲ್ಲಿ ಮುಂಬಯಿಯಿಂದ ಅನೇಕರು ಈ ತಾಲ್ಲೂಕುಗಳಿಗೆ ಮರಳಿದ್ದರು. ಸಿಂಧಘಟ್ಟದಂತಹ ಗ್ರಾಮಗಳನ್ನುಳ್ಳ ಈ ಪ್ರದೇಶಕ್ಕೆ ಮಹಾನಗರವು ಉದ್ಯೋಗದ ಮೂಲವೂ ನೀರಿನ ಪ್ರತಿಸ್ಪರ್ಧಿಯೂ ಆಗಿದೆ.

2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಮತ್ತು ಶ್ರೀರಂಗಪಟ್ಟಣಗಳ ಮಾರ್ಗದಲ್ಲಿ ಹಾದುಹೋಗುತ್ತದೆ. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದನ್ನು ನಿರ್ಬಂಧಿಸಿದ್ದ ಕರ್ನಾಟಕ ಭೂ ಸುಧಾರಣಾ ಅಧಿನಿಯಮದ 79ಎ ಮತ್ತು 79ಬಿ ಪ್ರಕರಣಗಳನ್ನು 2020ರಲ್ಲಿ ತೆಗೆದುಹಾಕಲಾಗಿತ್ತು. ಇದರಿಂದ ಹೆದ್ದಾರಿಯ ಇಕ್ಕೆಲಗಳ ಜಮೀನು ನಗರದ ಖರೀದಿದಾರರಿಗೆ ಕಾನೂನಿನ ದೃಷ್ಟಿಯಿಂದಲೂ ಪ್ರಯಾಣದ ದೃಷ್ಟಿಯಿಂದಲೂ ಹತ್ತಿರವಾಯಿತು.

ಪರಿಸರದ ಮೇಲಿನ ಪರಿಣಾಮ

ಬೆಂಗಳೂರಿನ ಕೆರೆಗಳು ರಾಜಕಾಲುವೆಗಳ ಮೂಲಕ ಒಂದಕ್ಕೊಂದು ಜೋಡಣೆಯಾಗಿದ್ದು, ಮೇಲಿನ ಕೆರೆ ತುಂಬಿದಾಗ ನೀರು ಕೆಳಗಿನ ಕೆರೆಗೆ ಹರಿಯುವ ವ್ಯವಸ್ಥೆ ಇತ್ತು. ಕೆರೆಯಂಗಳ ಮತ್ತು ಕಾಲುವೆಗಳ ಒತ್ತುವರಿಯಿಂದ ಈ ಸರಪಳಿ ಅನೇಕ ಕಡೆ ಕಡಿದುಹೋಗಿದೆ. 2022ರ ಸೆಪ್ಟೆಂಬರ್‌ನ ಭಾರಿ ಮಳೆಯಲ್ಲಿ ಮಹದೇವಪುರ ವಲಯ ಮತ್ತು ಸರ್ಜಾಪುರ ರಸ್ತೆಯ ಹಲವು ಬಡಾವಣೆಗಳು ಜಲಾವೃತವಾದವು. ದುಬಾರಿ ವಿಲ್ಲಾಗಳ ನಿವಾಸಿಗಳನ್ನೂ ದೋಣಿ ಮತ್ತು ಟ್ರ್ಯಾಕ್ಟರ್‌ಗಳಲ್ಲಿ ಸಾಗಿಸಬೇಕಾಯಿತು. ಅವರಲ್ಲಿ ಅನೇಕರಿಗೆ ಹೋಟೆಲುಗಳಿಗೆ ತೆರಳುವ ಅವಕಾಶವಿತ್ತು. ತಗ್ಗಿನ ಗುಡಾರಗಳ ಕಾರ್ಮಿಕರು ದವಸಧಾನ್ಯ ಮತ್ತು ದಿನದ ಕೂಲಿ ಎರಡನ್ನೂ ಕಳೆದುಕೊಂಡರು.

ಪರಿಹಾರಗಳ ಕುರಿತ ಚರ್ಚೆ

2007ರಲ್ಲಿ ಅನುಮೋದನೆಯಾದ ಪರಿಷ್ಕೃತ ಮಹಾಯೋಜನೆ–2015ರ ಬಳಿಕ, 2031ಕ್ಕಾಗಿ ಸಿದ್ಧಪಡಿಸಿದ ಮಹಾಯೋಜನೆಯ ಕರಡು 2017ರಲ್ಲಿ ಪ್ರಕಟವಾದರೂ ನಂತರ ಅದನ್ನು ಹಿಂಪಡೆಯಲಾಯಿತು. ನಗರ ವಿಸ್ತರಣೆಗೆ ಸಂಬಂಧಿಸಿ ಮೂರು ಬಗೆಯ ಅಭಿಪ್ರಾಯಗಳು ಪ್ರಮುಖವಾಗಿವೆ. ಮೆಟ್ರೊ ಮಾರ್ಗಗಳ ಬಳಿ ಹೆಚ್ಚು ಮಹಡಿಗಳಿಗೆ ಅನುಮತಿ ನೀಡಿ ನಗರವನ್ನು ಒತ್ತಾಗಿ ಬೆಳೆಸಬೇಕೆಂಬುದು ಮೊದಲನೆಯದು. ಬೆಂಗಳೂರಿನ ಒತ್ತಡವನ್ನು ತಗ್ಗಿಸಲು ಮೈಸೂರು, ಹುಬ್ಬಳ್ಳಿ–ಧಾರವಾಡ, ಕಲಬುರಗಿ ಮೊದಲಾದ ನಗರಗಳಲ್ಲಿಯೂ ಮಂಡ್ಯದಂತಹ ಜಿಲ್ಲಾ ಕೇಂದ್ರಗಳಲ್ಲಿಯೂ ಉದ್ಯೋಗ ಸೃಷ್ಟಿಸಬೇಕೆಂಬುದು ಎರಡನೆಯದು. ನಿವೇಶನದ ಬದಲು ಸಾರ್ವಜನಿಕ ಬಾಡಿಗೆ ಮನೆಗಳು ಮತ್ತು ಕಾರ್ಮಿಕ ವಸತಿಗಳಿಗೆ ಆದ್ಯತೆ ನೀಡಬೇಕೆಂಬುದು ಮೂರನೆಯದು. ಎತ್ತರದ ಕಟ್ಟಡಗಳಿಂದ ಮಾತ್ರವೇ ಬಡವರಿಗೆ ಮನೆ ದೊರೆಯುವುದಿಲ್ಲ; ಅದರಲ್ಲಿ ಅವರ ಪಾಲು ಕಾನೂನಿನಿಂದ ನಿಗದಿಯಾಗಬೇಕು ಎಂಬುದು ಈ ಮೂರನೆಯ ಅಭಿಪ್ರಾಯದವರ ನಿಲುವಾಗಿದೆ.

ಇವನ್ನೂ ನೋಡಿ

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ
ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ
ಕೃಷ್ಣರಾಜಸಾಗರ
ಮಂಡ್ಯ ಜಿಲ್ಲೆ
ಕರ್ನಾಟಕ ಗೃಹ ಮಂಡಳಿ